ಹಂಡೆಯಕ್ಕ ಮತ್ತು ಹನ್ನೊಂದು ಬಟ್ಟೆಗಳು

ಬಾಟಿಕ್ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಹಂಡೆಯಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೇಳು ವರ್ಷ ಅವಳು ಅಲ್ಲಿ ಮಾಡಿದ್ದು ಒಂದೇ ಕೆಲಸ. ಮುಂದಿನ ಕೋಣೆಯಲ್ಲಿ ಕೂತವರು ಬಿಳಿ ಬಟ್ಟೆಯ ಮೇಲೆ ಬಿಸಿ ಮೇಣದಲ್ಲಿ ಚಿತ್ರ ಬರೆಯುತ್ತಿದ್ದರು. ನಡುವಿನ ಕೋಣೆಯವರು ಅದನ್ನು ಬಣ್ಣದ ತೊಟ್ಟಿಗೆ ಅದ್ದುತ್ತಿದ್ದರು. ಮೇಣ ಕೂತ ಕಡೆ ಬಣ್ಣ ಹತ್ತುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಆ ಮೇಣವನ್ನು ಬಿಡಿಸಬೇಕಲ್ಲ, ಅದಕ್ಕೆ ಹಿಂಬದಿಯ ಶೆಡ್ಡಿನಲ್ಲಿ ಸೊಂಟದೆತ್ತರದ ಮೂರು ಹಂಡೆಗಳಿದ್ದವು. ಕುದಿಯುವ ನೀರಿಗೆ ಬಟ್ಟೆ ಇಳಿಸುವುದು, ಕೋಲಿನಿಂದ ತಿರುವುವುದು, ತೇಲಿ ಬಂದ ಮೇಣವನ್ನು ಜಾಲರಿಯ ಸೌಟಿನಿಂದ ಎತ್ತಿ ಡಬ್ಬಕ್ಕೆ ಹಾಕುವುದು, ಬಟ್ಟೆ ಹಿಂಡಿ ತಂತಿಗೆ ಹರವುವುದು. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಇಷ್ಟೇ. ಆ ಹಬೆಗೆ ಅವಳ ಮುಖ ಯಾವಾಗ ನೋಡಿದರೂ ಆಗತಾನೇ ನಿದ್ದೆಯಿಂದ ಎದ್ದವರ ಹಾಗೆ ಕೆಂಪಗೆ ಊದಿಕೊಂಡಿರುತ್ತಿತ್ತು. ಚಿತ್ರ ಬರೆಯಲು ಅವಳಿಗೆ ಬರುತ್ತಿರಲಿಲ್ಲ. ಬರಲಿ ಎಂಬ ಆಸೆಯೂ ಇರಲಿಲ್ಲ.

ಚಿತ್ರ ಬರೆಯುತ್ತಿದ್ದವಳು ಅವಳ ಅಕ್ಕ. ಇಬ್ಬರೂ ಒಂದೇ ಕಾರ್ಖಾನೆಗೆ ಸೇರಿದವರು, ಅಕ್ಕ ಮುಂದಿನ ಕೋಣೆಗೆ, ತಂಗಿ ಹಿಂದಿನ ಶೆಡ್ಡಿಗೆ. ಅಕ್ಕ ಮದುವೆಯಾಗಲಿಲ್ಲ. ಯಾರಾದರೂ ಕೇಳಿದರೆ, ಮೇಣ ಆರುವುದರೊಳಗೆ ಬರೆದು ಮುಗಿಸಬೇಕು, ಗಂಡನನ್ನು ಹುಡುಕಲು ಪುರುಸೊತ್ತೆಲ್ಲಿ ಎನ್ನುತ್ತಿದ್ದಳು. ಇಪ್ಪತ್ತು ವರ್ಷವಾದ ಮೇಲೆ ಕಣ್ಣು ಮಂಜಾಗತೊಡಗಿತು. ಕಾರ್ಖಾನೆ ಬಿಟ್ಟು, ಎರಡು ಬೀದಿ ಆಚೆಗಿನ ದರ್ಜಿಯ ಅಂಗಡಿಯ ಮೇಲಿನ ಕೋಣೆಯಲ್ಲಿ ಶನಿವಾರ ಮಧ್ಯಾಹ್ನ ಮಕ್ಕಳಿಗೆ ಬಾಟಿಕ್ ಹೇಳಿಕೊಡಲು ಶುರು ಮಾಡಿದಳು. ಮಕ್ಕಳ ಬಾಟಿಕ್ ಅಂದರೆ ಸರಳ. ದಿಂಬಿನ ಹೊದಿಕೆಯಷ್ಟು ಬಟ್ಟೆ, ಒಂದು ಕುಂಚ, ಬಿಸಿನೀರಿನ ಪಾತ್ರೆಯೊಳಗೆ ಇಟ್ಟ ಮೇಣದ ಡಬ್ಬ, ನಾಲ್ಕು ಬಕೆಟ್ಟಿನಲ್ಲಿ ನಾಲ್ಕು ಬಣ್ಣ.

ಅಕ್ಕ ತಂಗಿಯನ್ನು ಎಷ್ಟೋ ಸಲ ಕರೆದಿದ್ದಳು. ಬಟ್ಟೆಗಳಿಂದ ಮೇಣ ತೆಗೆಯಲು ಅವಳು ಹಳೆ ಪೇಪರಿನ ನಡುವೆ ಇಟ್ಟು ಇಸ್ತ್ರಿ ಮಾಡುತ್ತಿದ್ದಳು. ಅದರಿಂದ ಅರ್ಧ ಮೇಣ ಬಟ್ಟೆಯಲ್ಲೇ ಉಳಿದು ಗಂಜಿ ಹಾಕಿದ ಹಾಗೆ ಬಿರುಸಾಗುತ್ತಿತ್ತು. ನೀನು ಬಂದು ಸರಿಯಾಗಿ ಬಿಡಿಸಿಕೊಡು, ಮಕ್ಕಳೂ ನೋಡಿ ಕಲಿಯಲಿ ಎಂದು ಕೊನೆಯ ಸಲ ಕೇಳಿದಾಗ ಹಂಡೆಯಕ್ಕ, ವಾರವಿಡೀ ಮಾಡಿದ್ದು ಸಾಲದೇ, ಮಕ್ಕಳಾಟಕ್ಕೆಲ್ಲ ನನ್ನನ್ನು ಎಳೀಬೇಡ ಎಂದುಬಿಟ್ಟಳು. ಅಕ್ಕ ಮುಖ ಸಣ್ಣದು ಮಾಡಿಕೊಳ್ಳಲಿಲ್ಲ, ಮಾತು ಬದಲಿಸಿದಳು. ಅದು ಭಾನುವಾರ. ಬುಧವಾರ ಮಧ್ಯಾಹ್ನ ಅಕ್ಕ ತನ್ನ ಮನೆಯ ಮೆಟ್ಟಿಲ ಮೇಲೆ ಕುಸಿದು ಬಿದ್ದಳು. ಪಕ್ಕದ ಮನೆಯವರು ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತಂತೆ.

ಹಂಡೆಯಕ್ಕ ಅಳಲಿಲ್ಲ. ಆಸ್ಪತ್ರೆಯಲ್ಲಿ ಸಹಿ ಹಾಕಿದಳು, ಬಂದವರಿಗೆ ಕುರ್ಚಿ ಹಾಕಿದಳು, ಅಕ್ಕನ ಮನೆಯ ಪಾತ್ರೆ ತೊಳೆದು ಬೋರಲು ಹಾಕಿದಳು. ನಾಲ್ಕನೆಯ ದಿನ ಕೆಲಸಕ್ಕೆ ಹೋದಳು. ಗಟ್ಟಿಗಿತ್ತಿ ಎಂದು ಕೆಲವರು ಹೊಗಳಿದರು, ಕಲ್ಲಿನಂಥವಳು ಎಂದು ಇನ್ನು ಕೆಲವರು ಗುಸುಗುಸು ಮಾಡಿದರು. ಅವಳಿಗೆ ಎರಡೂ ಕೇಳಿಸಿತು. ಯಾವುದೂ ತನ್ನ ಬಗ್ಗೆ ಅನ್ನಿಸಲಿಲ್ಲ. ಬಸ್ಸಿನ ಕಂಡಕ್ಟರಾಗಿದ್ದ ಅವಳ ಗಂಡ ಬಾಯಿ ಬಿಟ್ಟರೆ ಮುಚ್ಚುವವನಲ್ಲ. ದಿನವೂ ಬಸ್ಸಿನಲ್ಲಿ ನಡೆದ ಒಂದೊಂದು ತಮಾಷೆ ಹೊತ್ತು ತರುತ್ತಿದ್ದ. ಅವಳು ಸರಿಯಾದ ಜಾಗದಲ್ಲಿ ಹೂಂ ಎನ್ನುತ್ತಿದ್ದಳು. ಒಂದು ದಿನ ಅವನು ಕಥೆಯ ನಡುವೆ, ಆಮೇಲೆ ಡ್ರೈವರ್ ರೆಕ್ಕೆ ಬಿಚ್ಚಿ ಹಾರಿಹೋದ ಎಂದ. ಅದಕ್ಕೂ ಅವಳು ಹೂಂ ಎಂದಳು. ಅವನು ಕಥೆಯನ್ನು ಅಲ್ಲಿಗೇ ಬಿಟ್ಟು ತಟ್ಟೆಯಲ್ಲಿ ಕೈ ಆಡಿಸಿದ.

ಮೂರನೆಯ ವಾರ ದರ್ಜಿ ಹೇಳಿಕಳಿಸಿದ. ಮೇಲಿನ ಕೋಣೆಯಲ್ಲಿ ನಿಮ್ಮಕ್ಕನ ಸಾಮಾನು ಹಾಗೇ ಇದೆ, ಅವಸರವೇನಿಲ್ಲ, ಬಿಡುವಾದಾಗ ಬಂದು ನೋಡಿ ಎಂದು. ಹಂಡೆಯಕ್ಕ ಮೇಲ್ವಿಚಾರಕನಿಂದ ಶನಿವಾರ ಅರ್ಧ ದಿನ ರಜೆ ಕೇಳಿ, ಎರಡು ಗೋಣಿಚೀಲ ಮಡಚಿಕೊಂಡು ಹೋದಳು.

ಕಿಟಕಿಯೆರಡಿದ್ದ ಉದ್ದನೆಯ ಕೋಣೆ. ನೆಲದ ತುಂಬ ಬಣ್ಣದ ಕಲೆ. ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗಕ್ಕೆ ಹನ್ನೊಂದು ಬಟ್ಟೆಗಳನ್ನು ಕ್ಲಿಪ್ಪು ಹಾಕಿ ತೂಗಿಬಿಟ್ಟಿತ್ತು. ಎಲ್ಲವೂ ಹಳದಿ. ಮೇಣದ ಗೆರೆ ಹತ್ತಿದ್ದ ಕಡೆ ಮಾತ್ರ ಬೂದು ಬಿಳಿ. ಗೋಡೆಗೆ ಅಂಟಿಸಿದ್ದ ಕಾಗದದಲ್ಲಿ ಅಕ್ಕ ದೊಡ್ಡದಾಗಿ ಬರೆದಿದ್ದಳು: ಮೊದಲು ಹಳದಿ, ಆಮೇಲೆ ಕಿತ್ತಳೆ, ಆಮೇಲೆ ಕೆಂಪು, ಕೊನೆಗೆ ಕಂದು. ತಿಳಿಯಿಂದ ಗಾಢಕ್ಕೆ ಹೋಗಬಹುದು, ಗಾಢದಿಂದ ತಿಳಿಗೆ ಬರಲಾಗದು.

ಹಂಡೆಯಕ್ಕ ಕುಂಚಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ ಮೆಟ್ಟಿಲಲ್ಲಿ ದಡದಡ ಸದ್ದಾಯಿತು. ಐದಾರು ಮಕ್ಕಳು ಬಾಗಿಲಲ್ಲಿ ನಿಂತರು. ಎಂಟರಿಂದ ಹನ್ನೆರಡರೊಳಗಿನ ವಯಸ್ಸು. ಎಲ್ಲರ ಮುಂದೆ ಎರಡು ಜಡೆಯ ಹುಡುಗಿಯೊಬ್ಬಳು. ಬಾಯಿ ತೆರೆದರೆ ಪ್ರಶ್ನೆಯೇ ಬರುತ್ತಿದ್ದರಿಂದ ಅವಳಿಗೆ ಅಲ್ಲಿ ಪ್ರಶ್ನೆ ಎಂಬ ಹೆಸರೇ ಬಿದ್ದಿದೆ ಎಂದು ಆಮೇಲೆ ತಿಳಿಯಿತು.

"ದೊಡ್ಡ ಮಿಸ್ ಸತ್ತುಹೋದ್ರಂತೆ," ಎಂದಳು ಆ ಹುಡುಗಿ. "ನೀವು ಅವರ ತಂಗಿನಾ?"

"ಹೌದು."

"ನಮ್ಮ ಬಟ್ಟೆ ಏನಾಗುತ್ತೆ?"

ಮೂರು ವಾರಗಳಿಂದ ಎಲ್ಲರೂ ಹೋಗಿಬಿಟ್ಟರು, ಇನ್ನಿಲ್ಲವಾದರು, ಬಿಟ್ಟು ನಡೆದರು ಎಂದೆಲ್ಲ ಸುತ್ತಿ ಬಳಸಿ ಹೇಳಿದ್ದರು. ಸತ್ತುಹೋದರು ಎಂದು ನೇರವಾಗಿ ಯಾರೂ ಅಂದಿರಲಿಲ್ಲ. ಹಂಡೆಯಕ್ಕನಿಗೆ ಆ ಮಾತಿನಿಂದ ನೋವೇನೂ ಆಗಲಿಲ್ಲ, ಒಂದು ಬಗೆಯ ಹಗುರವೇ ಅನ್ನಿಸಿತು. ತೊಗೊಂಡು ಹೋಗಿ ಎಂದು ಹಗ್ಗದ ಕಡೆ ಕೈ ತೋರಿಸಿದಳು. ಮಕ್ಕಳು ಅಲುಗಾಡಲಿಲ್ಲ. ಇನ್ನೂ ಹಳದಿ ಮಾತ್ರ ಆಗಿದೆ, ಕೆಂಪಿಲ್ಲದೆ ಸೂರ್ಯ ಹೇಗೆ ಮುಳುಗುತ್ತಾನೆ ಎಂದು ಹಿಂದಿನಿಂದ ಒಂದು ದನಿ. ನನ್ನ ಮನೆಗೆ ಬಾಗಿಲೇ ಇಟ್ಟಿಲ್ಲ ಎಂದು ಇನ್ನೊಂದು. ಅವಳು ಬಟ್ಟೆಗಳನ್ನು ಮತ್ತೊಮ್ಮೆ ನೋಡಿದಳು. ಕೆಲಸದವಳ ಕಣ್ಣಿನಿಂದ ನೋಡಿದರೂ ಅವು ಅರೆಬರೆ ಬಟ್ಟೆಗಳೇ. ಅರೆಬರೆ ಬಟ್ಟೆಯನ್ನು ಅವಳು ಯಾವತ್ತೂ ಶೆಡ್ಡಿನಿಂದ ಹೊರಗೆ ಬಿಟ್ಟವಳಲ್ಲ. ಸರಿ, ಇವಷ್ಟನ್ನು ಮುಗಿಸೋಣ, ಅಷ್ಟೇ, ಆಮೇಲೆ ನನ್ನನ್ನು ಕೇಳಬೇಡಿ ಎಂದಳು.

ಸೋಮವಾರ ಮೇಲ್ವಿಚಾರಕನ ಮುಂದೆ ನಿಂತು ಇನ್ನು ಮೇಲೆ ಶನಿವಾರ ಅರ್ಧ ದಿನವೇ ಬರುತ್ತೇನೆ ಎಂದಾಗ ಅವನು ಕನ್ನಡಕದ ಮೇಲಿನಿಂದ ನೋಡಿದ. ಹಿಂದಿನ ವಾರದ ಆ ಅರ್ಧ ದಿನ ಬಿಟ್ಟರೆ, ಇಪ್ಪತ್ತೇಳು ವರ್ಷದಲ್ಲಿ ಅವಳು ಬಾಯಿ ಬಿಟ್ಟು ಏನನ್ನೂ ಕೇಳಿದವಳಲ್ಲ. ಎಷ್ಟು ವಾರ ಎಂದ. ಹನ್ನೊಂದು ಬಟ್ಟೆ ಮುಗಿಯುವವರೆಗೆ ಎಂದಳು. ಅವನಿಗೆ ಏನೂ ಅರ್ಥವಾಗಲಿಲ್ಲ, ಆದರೂ ಆಗಲಿ ಎಂದ.

ಮುಂದಿನ ಶನಿವಾರ ಹನ್ನೊಂದು ಮಕ್ಕಳೂ ಬಂದು, ಹಳದಿಯಾಗಿಯೇ ಉಳಿಯಬೇಕಾದ ಕಡೆಗೆಲ್ಲ ಮೇಣ ಬಳಿದರು. ಕಲಿಸುವುದು ಹಂಡೆಯಕ್ಕನಿಗೆ ಗೊತ್ತಿರಲಿಲ್ಲ, ಮಕ್ಕಳಿಗೆ ಎಲ್ಲ ಗೊತ್ತಿತ್ತು. ಮೇಣ ಬಟ್ಟೆಯ ಆಚೆ ಬದಿಗೂ ಇಳಿದು ಗಾಜಿನಂತೆ ಕಾಣಬೇಕು, ಬೆಳ್ಳಗೆ ಮೇಲೆಯೇ ನಿಂತರೆ ಮೇಣ ತಣ್ಣಗಾಗಿದೆ ಎಂದರ್ಥ, ಕುಂಚವನ್ನು ಮತ್ತೆ ಬಿಸಿ ಮೇಣಕ್ಕೆ ಅದ್ದಬೇಕು ಎಂದು ಅವರೇ ಅವಳಿಗೆ ಹೇಳಿದರು. ಡಬ್ಬದಿಂದ ತಟ್ಟೆಗಳಿಗೆ ಮೇಣ ಹಂಚುವ ಕೆಲಸ ಮಾತ್ರ ಅವಳು ಯಾರಿಗೂ ಬಿಡಲಿಲ್ಲ. ಹಾಗೆ ಹಂಚುವಾಗ ಒಂದಿಷ್ಟು ಅವಳ ಮಣಿಕಟ್ಟಿನ ಮೇಲೆ ಚೆಲ್ಲಿತು. ಅವಳು ಮುಂದಿನ ತಟ್ಟೆಗೆ ಹೋದಳು. ಮಿಸ್, ನಿಮ್ಮ ಕೈ ಎಂದು ಯಾರೋ ಹೇಳಿದ ಮೇಲೆ ನೋಡಿಕೊಂಡರೆ ಮೇಣ ಚರ್ಮದ ಮೇಲೆ ಹೆಪ್ಪುಗಟ್ಟಿ, ಸುತ್ತ ಕೆಂಪಗಾಗಿತ್ತು. ಉಗುರಿನಿಂದ ಕಿತ್ತು ಡಬ್ಬಕ್ಕೆ ಹಾಕಿದಳು. ಉರಿ ಎಷ್ಟೋ ಹೊತ್ತಿನ ಮೇಲೆ, ದೂರದಿಂದ ಬಂದ ಹಾಗೆ ಬಂತು.

ಅದರ ಮುಂದಿನ ವಾರ ಕಿತ್ತಳೆ ಬಣ್ಣ. ಬಣ್ಣದ ಪುಡಿ ಕರಗಲು ಬಿಸಿನೀರು ಬೇಕು, ಆದರೆ ಬಟ್ಟೆ ಇಳಿಸುವ ಮೊದಲು ಅದಕ್ಕೆ ಬೇಕಾದಷ್ಟು ತಣ್ಣೀರು ಬೆರೆಸಿ ಆರಿಸಬೇಕು. ಹಂಡೆಯಕ್ಕ ಪುಡಿ ಕರಗಿಸಿದಳು. ಎದುರಿಗೆ ಬಕೆಟ್ಟು, ಅದರಿಂದ ಏಳುವ ಹಬೆ, ಪಕ್ಕದಲ್ಲಿ ಒಂದು ಕೋಲು. ಕೈಗೆ ಸಿಕ್ಕ ಮೊದಲ ಬಟ್ಟೆಯನ್ನು ಇಳಿಸಿ ತಿರುವತೊಡಗಿದಳು. ಮೇಣ ಬಿಟ್ಟುಕೊಂಡು ಮೇಲೆ ತೇಲಿತು. ಅವಳ ಕೈ ಅಭ್ಯಾಸದ ಮೇಲೆ ಸೌಟು ಹುಡುಕಿತು. ಆಗಲೇ ಅವಳಿಗೆ ಎಚ್ಚರವಾದದ್ದು.

ಅದು ಪ್ರಶ್ನೆಯ ಬಟ್ಟೆ. ದೊಡ್ಡ ಮೀನು, ಮೈತುಂಬ ಒಂದೊಂದಾಗಿ ಬರೆದ ಹುರುಪೆಗಳು. ಮೂರು ಶನಿವಾರದ ಕೆಲಸ. ಮೇಲೆತ್ತಿದಾಗ ಇಡೀ ಬಟ್ಟೆ ಒಂದೇ ಕಿತ್ತಳೆಯಾಗಿತ್ತು, ಬಾಲದ ಹತ್ತಿರ ಎರಡು ಗೆರೆ ಮಾತ್ರ ಮಸುಕಾಗಿ ಉಳಿದಿದ್ದವು. ಉಳಿದ ಮಕ್ಕಳು ತಮ್ಮ ತಮ್ಮ ಬಟ್ಟೆಗಳನ್ನು ಹಿಂದಕ್ಕೆ ಎಳೆದುಕೊಂಡರು. ಹುಡುಗಿ ಹತ್ತಿರ ಬಂದು ಬಕೆಟ್ಟಿನೊಳಗೆ ಇಣುಕಿದಳು.

"ಬಿಸಿನೀರಿಗೆ ಹಾಕಿದ್ರೆ ಮೇಣ ಬಿಟ್ಟುಹೋಗುತ್ತೆ ಅಂತ ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಮತ್ತೆ ಯಾಕೆ ಹಾಕಿದ್ರಿ?"

"ನೋಡಲಿಲ್ಲ."

"ಏನೋ ಯೋಚನೆ ಮಾಡ್ತಿದ್ರಾ?"

"ಇಲ್ಲ ಮಗಳೇ," ಎಂದಳು ಹಂಡೆಯಕ್ಕ. "ಏನೂ ಯೋಚನೆ ಮಾಡ್ತಿರಲಿಲ್ಲ. ಈಚೆಗೆ ನನಗೆ ಏನೂ ಯೋಚನೆ ಬರಲ್ಲ."

ಹುಡುಗಿ ಆ ಉತ್ತರವನ್ನು ತೂಗಿ ನೋಡಿದಳು. ಬೈದಿದ್ದರೆ, ಅತ್ತಿದ್ದರೆ ಹಂಡೆಯಕ್ಕನಿಗೆ ಸುಲಭವಾಗುತ್ತಿತ್ತು. ಅವಳ ಕಿವಿಗಳೆರಡೂ ಬಿಸಿಯಾದವು. ಎಷ್ಟೋ ದಿನದ ಮೇಲೆ ಮೈಯಲ್ಲಿ ಆದ ಮೊದಲ ಸಂಗತಿ ಅದು, ನಾಚಿಕೆ. ಪಕ್ಕಾ ಕೆಲಸಗಾರ್ತಿಯೊಬ್ಬಳು ಮಗುವಿನ ಕೆಲಸ ಕೆಡಿಸಿದ ನಾಚಿಕೆ.

ಹುಡುಗಿ ಕೊನೆಗೆ ತೀರ್ಪು ಕೊಟ್ಟಳು. "ನಾನು ಹೊಸದು ಮಾಡ್ತೀನಿ. ಆದ್ರೆ ನೀವೂ ನನ್ನ ಜೊತೆ ಒಂದು ಮೊದಲಿಂದ ಮಾಡ್ಬೇಕು. ನಾನೊಬ್ಬಳೇ ಹಿಂದೆ ಬಿದ್ರೆ ಎಲ್ಲರೂ ನಗ್ತಾರೆ."

ಹೀಗೆ ಐವತ್ತೊಂದನೆಯ ವಯಸ್ಸಿನಲ್ಲಿ ಹಂಡೆಯಕ್ಕ ಕುಂಚ ಹಿಡಿದಳು. ಏನು ಬರೆಯಲಿ ಎಂದು ಕೇಳಿದಾಗ, ನಿಮಗೆ ಚೆನ್ನಾಗಿ ಗೊತ್ತಿರೋದು ಬರೀರಿ ಎಂದರು ಮಕ್ಕಳು. ದೊಡ್ಡ ಮಿಸ್ ಹಾಗೇ ಹೇಳುತ್ತಿದ್ದರಂತೆ. ಅವಳು ಬಹಳ ಹೊತ್ತು ಕೂತು, ಮೇಲಿನಿಂದ ಬಗ್ಗಿ ನೋಡಿದರೆ ಕಾಣುವ ಹಾಗೆ ಮೂರು ಹಂಡೆಗಳನ್ನು ಬರೆದಳು. ಅಂದರೆ ಮೂರು ಸೊಟ್ಟ ವೃತ್ತ. ಮೇಣ ಎರಡು ಕಡೆ ಹನಿದು ಗಂಟಾಯಿತು. ಲೆಕ್ಕಕ್ಕಿಲ್ಲ ಬಿಡಿ, ಮೊದಲ ಸಲ ಎಲ್ಲರಿಗೂ ಹಾಗೇ ಎಂದು ಎಂಟು ವರ್ಷದ ಒಂದು ಚೋಟುದ್ದದ ಹುಡುಗಿ ಅವಳ ಬೆನ್ನು ತಟ್ಟಿದಳು. ಅಳತೆ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡೇ ಮೇಲೆ ಬಂದ ದರ್ಜಿ ಒಂದು ಕ್ಷಣ ನೋಡಿ, ಗುಂಡಿಗಳು ಚೆನ್ನಾಗಿ ಬಂದಿವೆ, ತೂತು ಇಡೋದು ಮರೆತಿದ್ದೀರಿ ಎಂದ. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಹಂಡೆಯಕ್ಕನಿಗೆ ನಗು ಬರಲಿಲ್ಲ, ಆದರೆ ಇದು ನಗುವ ಮಾತು ಎಂದು ಗೊತ್ತಾಯಿತು. ಅಷ್ಟು ದಿನ ಅದೂ ಗೊತ್ತಾಗುತ್ತಿರಲಿಲ್ಲ.

ವಾರಗಳು ಕಳೆದವು. ಕಿತ್ತಳೆ ಮುಗಿದು ಕೆಂಪಾಯಿತು. ಪ್ರತಿ ಬಣ್ಣಕ್ಕೂ ಮೊದಲು ಹಂಡೆಯಕ್ಕ ಕೈಯನ್ನು ಮೊಣಕೈವರೆಗೆ ಬಕೆಟ್ಟಿಗೆ ಇಳಿಸಿ ನೀರು ತಣ್ಣಗಿದೆಯೇ ಎಂದು ನೋಡುತ್ತಿದ್ದಳು; ಮನೆಯಲ್ಲಿ ಅವಳ ಕೈ ನೋಡಿ ಗಂಡ, ಈ ವಾರ ಯಾವ ಪಕ್ಷಕ್ಕೆ ಸೇರಿದೆ ಎಂದು ಕೇಳುತ್ತಿದ್ದ. ಕಂದು ಬಣ್ಣಕ್ಕೆ ಮೊದಲು ಮಕ್ಕಳಿಗೆ ತುಂಬ ಇಷ್ಟವಾದ ಕೆಲಸವಿತ್ತು. ಮೇಣ ತುಂಬಿ ಗಟ್ಟಿಯಾದ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಚುಕುವುದು. ಮೇಣ ಚಟಪಟ ಬಿರಿದು, ಆ ಬಿರುಕುಗಳಿಗೆ ಕಂದು ಇಳಿದು, ಬಟ್ಟೆಯ ಮೇಲೆಲ್ಲ ಎಳೆ ಎಳೆಯಾಗಿ ಹರಡುತ್ತದೆ. ಹನ್ನೊಂದು ಮಕ್ಕಳು ಒಟ್ಟಿಗೆ ಹಿಚುಕಿದರು. ಕೋಣೆಯಲ್ಲಿ ಆ ಸದ್ದು ಬಿಟ್ಟು ಇನ್ನೊಂದಿರಲಿಲ್ಲ.

ಇನ್ನು ಮೇಣ ಬಿಡಿಸುವುದೊಂದೇ ಬಾಕಿ. ಇಸ್ತ್ರಿ ಬೇಡ, ನಾನು ಕಾರ್ಖಾನೆಯಲ್ಲೇ ಮಾಡಿಕೊಂಡು ಬರುತ್ತೇನೆ ಎಂದು ಹಂಡೆಯಕ್ಕ ಬಟ್ಟೆಗಳನ್ನು ಮಡಚದೆ, ಪೇಪರಿನಲ್ಲಿ ಸುರುಳಿ ಸುತ್ತಿದಳು. ಪೇಪರಿಗೆಂದು ಕಪಾಟಿನ ಕೆಳಗೆ ಕೈ ಹಾಕಿದಾಗ ಇನ್ನೊಂದು ಬಟ್ಟೆ ಸಿಕ್ಕಿತು. ಬಿಳಿ ಬಟ್ಟೆ, ಬಣ್ಣ ಇನ್ನೂ ಮುಟ್ಟಿರಲಿಲ್ಲ. ಒಂದು ಮೂಲೆಯಿಂದ ಹೊರಟ ಐದಾರು ಮೇಣದ ಗೆರೆಗಳು ನಡುವಿನವರೆಗೆ ಬಂದು ನಿಂತಿದ್ದವು. ಯಾರದಿದು ಎಂದು ಕೇಳಿದಳು. ದೊಡ್ಡ ಮಿಸ್‌ದು, ನಾವು ಮಾಡುವಾಗ ಅವರೂ ಕೂತು ಮಾಡ್ತಿದ್ದರು ಎಂದಳು ಚೋಟುದ್ದದ ಹುಡುಗಿ. ಏನು ಚಿತ್ರ ಎಂದು ಯಾರಿಗೂ ಗೊತ್ತಿರಲಿಲ್ಲ. ನದಿ ಎಂದರು ಕೆಲವರು, ಕೂದಲು ಎಂದರು ಕೆಲವರು. ಹಂಡೆಯಕ್ಕ ಅದನ್ನು ಕಂದು ಬಣ್ಣದ ಬಕೆಟ್ಟಿಗೆ ನೇರವಾಗಿ ಇಳಿಸಿದಳು. ಹಳದಿ, ಕಿತ್ತಳೆ, ಕೆಂಪಿಗೆಲ್ಲ ಅಕ್ಕ ಎಲ್ಲೆಲ್ಲಿ ಜಾಗ ಬಿಡಬೇಕೆಂದಿದ್ದಳೋ ಇನ್ನು ಯಾರಿಗೆ ಗೊತ್ತು.

ಮಂಗಳವಾರ ಊಟದ ಬಿಡುವಿನಲ್ಲಿ ಮೂರನೆಯ ಹಂಡೆಯ ನೀರು ಬದಲಿಸಿ, ಬಟ್ಟೆಗಳನ್ನು ಒಂದೊಂದಾಗಿ ಇಳಿಸಿದಳು. ಸುದ್ದಿ ಹೇಗೋ ಮುಂದಿನ ಕೋಣೆಗೆ ಹೋಗಿ, ಅಲ್ಲಿಯವರು ಊಟದ ಡಬ್ಬಿ ಹಿಡಿದುಕೊಂಡೇ ಶೆಡ್ಡಿಗೆ ಬಂದರು. ತಂತಿಯ ಮೇಲೆ ಮನೆ, ಸೂರ್ಯ, ಸೈಕಲ್ಲು, ಐದು ಕಾಲಿನ ಬೆಕ್ಕು, ಮೊದಲಿನದಕ್ಕಿಂತ ದಪ್ಪನೆಯ ಹೊಸ ಮೀನು ಸಾಲಾಗಿ ಬಂದವು. ಹಂಡೆಯಕ್ಕ ಬರೆದ ಮೂರು ಗುಂಡಿಗಳನ್ನು ಕಂಡು ಎಲ್ಲರೂ ಅವಳನ್ನು ಛೇಡಿಸಿದರು. ಕೊನೆಯದಾಗಿ ಅವಳು ಅಕ್ಕನ ಬಟ್ಟೆ ಎತ್ತಿ ಹಿಂಡಿ ಹರವಿದಳು. ಗಾಢ ಕಂದು ಬಣ್ಣದ ಮೇಲೆ ಬಿಳಿ ಗೆರೆಗಳು. ಮುಂದಿನ ಕೋಣೆಯ ಹಿರಿಯಳೊಬ್ಬಳು, ಅಕ್ಕನ ಪಕ್ಕದಲ್ಲೇ ಹದಿನೆಂಟು ವರ್ಷ ಕೂತವಳು, ಅದರ ಮುಂದೆ ಬಂದು ನಿಂತುಬಿಟ್ಟಳು.

"ಇದು ನಿಮ್ಮಕ್ಕನ ಕೈ ಅಲ್ವಾ?"

ಹಂಡೆಯಕ್ಕ, ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದಳು.

"ಗೊತ್ತಾಗದೆ ಏನು. ನೋಡಿ, ಅವಳ ಗೆರೆ ದಪ್ಪಗೆ ಹೊರಟು ಕೂದಲೆಳೆ ಥರ ಮುಗಿಯುತ್ತೆ. ನಡುವೆ ಎಲ್ಲೂ ಕೈ ಎತ್ತಿರಲ್ಲ. ಸಾವಿರ ಬಟ್ಟೇಲಿ ಇಟ್ಟರೂ ಹೇಳ್ತೀನಿ." ಅವಳು ಬಟ್ಟೆಯ ಮೂಲೆಯನ್ನು ಒಮ್ಮೆ ಮುಟ್ಟಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಹಂಡೆಯಕ್ಕ ಸೌಟು ಹಿಡಿದುಕೊಂಡು ನಿಂತಿದ್ದಳು. ಇಪ್ಪತ್ತು ವರ್ಷ ಅಕ್ಕ ಬರೆದ ಬಟ್ಟೆಗಳೆಲ್ಲ ಈ ಹಂಡೆಗಳಿಗೇ ಬಂದಿದ್ದವು. ಎಲ್ಲರದೂ ಸೇರಿ ದಿನಕ್ಕೆ ಇಪ್ಪತ್ತೋ ಮೂವತ್ತೋ. ಎಲ್ಲವನ್ನೂ ಅವಳೇ ಇಳಿಸಿದ್ದಳು, ಅವಳೇ ಹಿಂಡಿದ್ದಳು. ಯಾವುದು ಅಕ್ಕನದು ಎಂದು ಒಮ್ಮೆಯೂ ನೋಡಿರಲಿಲ್ಲ. ನೋಡಿದ್ದರೆ ಗೊತ್ತಾಗುತ್ತಿತ್ತು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಈಗ ಅಳು ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ಹಂಡೆಯ ಮೇಲೆ ಮೇಣ ತೆಳ್ಳಗೆ ಕೆನೆಗಟ್ಟುತ್ತಿತ್ತು. ಅದನ್ನು ಎತ್ತಿ ಡಬ್ಬಕ್ಕೆ ಹಾಕಿದಳು. ಬಿಡುವು ಮುಗಿದ ಗಂಟೆ ಹೊಡೆಯಿತು.

ಶನಿವಾರ ಮಕ್ಕಳು ಬಟ್ಟೆ ಒಯ್ದರು. ಇಷ್ಟು ಮೆತ್ತಗಾಗುತ್ತದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ; ಕೆನ್ನೆಗೆ ಒತ್ತಿಕೊಂಡು ನೋಡಿದರು. ಕೆಲವರ ತಾಯಂದಿರು ಬಂದು ಅಕ್ಕನ ಬಗ್ಗೆ ಒಳ್ಳೆಯ ಮಾತಾಡಿದರು, ಅವಳು ತಲೆಯಾಡಿಸಿದಳು. ಎಲ್ಲರೂ ಇಳಿದುಹೋದ ಮೇಲೆ ದರ್ಜಿ ಮೆಟ್ಟಿಲ ಕೆಳಗಿನಿಂದಲೇ, ಹಾಗಾದರೆ ಕೋಣೆ ಖಾಲಿ ಮಾಡ್ತೀರಾ ಎಂದು ಕೇಳಿದ. ಗೊತ್ತಿಲ್ಲ ಎಂದು ಬೀಗ ಹಾಕಿ, ಬೀಗದ ಕೈಯನ್ನು ತನ್ನ ಚೀಲಕ್ಕೇ ಹಾಕಿಕೊಂಡಳು.

ಮುಂದಿನ ಶನಿವಾರ ಅರ್ಧ ದಿನದ ಏರ್ಪಾಡನ್ನು ರದ್ದು ಮಾಡಲು ಮೇಲ್ವಿಚಾರಕನೂ ಮರೆತಿದ್ದ, ಅವಳೂ ನೆನಪಿಸಲಿಲ್ಲ. ಎರಡು ಗಂಟೆಗೆ ಮನೆಯಲ್ಲಿ ಕೂತು ಗೋಡೆ ನೋಡಿದಳು. ಎರಡೂವರೆಗೆ ಚಪ್ಪಲಿ ಮೆಟ್ಟಿ ಹೊರಟಳು. ದರ್ಜಿ ಅಂಗಡಿಯ ಮೆಟ್ಟಿಲ ಮೇಲೆ ಪ್ರಶ್ನೆ ಮತ್ತು ಇನ್ನು ಮೂವರು ಕೂತಿದ್ದರು, ಜೊತೆಗೆ ಅವಳು ಹಿಂದೆಂದೂ ನೋಡದ ಇಬ್ಬರು. ಇವತ್ತು ಇದೆಯಾ ಎಂದು ಕೇಳಿದಳು ಪ್ರಶ್ನೆ. ಹಂಡೆಯಕ್ಕ ಬಾಗಿಲು ತೆಗೆದಳು. ಹೊಸ ಬಟ್ಟೆಗೆ ಅಂಗಡಿಯ ಗಂಜಿ ಇರುತ್ತದೆ, ಮೊದಲು ಅದನ್ನು ಒಗೆದು ತೆಗೆಯಬೇಕು, ಇಲ್ಲದಿದ್ದರೆ ಬಣ್ಣ ಹತ್ತುವುದಿಲ್ಲ ಎಂದು ಹೇಳಿ ಆರು ಜನಕ್ಕೂ ಒಂದೊಂದು ಬಟ್ಟೆ ಕೊಟ್ಟು ಬಕೆಟ್ಟುಗಳ ಮುಂದೆ ಕೂರಿಸಿದಳು. ಆ ದಿನ ಪೂರ್ತಿ ಒಗೆಯುವುದೇ ಆಯಿತು. ಹೊಸದಾಗಿ ಬಂದ ಇಬ್ಬರಲ್ಲಿ ಒಬ್ಬಳು, ಇದೇನಾ ಚಿತ್ರ ಬರೆಯೋದು ಅಂದ್ರೆ ಎಂದು ಮುಖ ಗಂಟು ಹಾಕಿಕೊಂಡಳು.

ಆ ರಾತ್ರಿ ಊಟಕ್ಕೆ ಕೂತಾಗ ಗಂಡ ಬಸ್ಸಿನ ಕಥೆ ತೆಗೆಯುವ ಮೊದಲೇ ಅವಳು ಮಾತು ಶುರು ಮಾಡಿದಳು. ಗಂಜಿಯ ವಿಷಯ, ಮುಖ ಗಂಟು ಹಾಕಿಕೊಂಡ ಹುಡುಗಿಯ ವಿಷಯ, ಮುಂದಿನ ವಾರ ನೀಲಿಯಿಂದ ಶುರು ಮಾಡಿದರೆ ಹೇಗೆ ಎಂಬ ವಿಷಯ. ಅವನು ಎಂದೂ ಇಲ್ಲದ ಹಾಗೆ ಸುಮ್ಮನೆ ಕೇಳಿದ. ನೀಲಿಯ ಮೇಲೆ ಯಾವ ಬಣ್ಣ ಬರುತ್ತದೆ ಎಂದು ಒಂದೇ ಒಂದು ಮಾತು ಕೇಳಿದ. ಅವಳಿಗೆ ಗೊತ್ತಿರಲಿಲ್ಲ.

"ಅಕ್ಕನ್ನ ಕೇಳಿದ್ರೆ..." ಎಂದು ಹೊರಟವಳು ಅಲ್ಲಿಗೇ ನಿಂತಳು. ಅವನು ತಲೆ ಎತ್ತಲಿಲ್ಲ. ಅವಳು ನೀರು ಕುಡಿದು ಲೋಟ ಕೆಳಗಿಟ್ಟು, ಒಂದು ಚೂರು ಬಟ್ಟೆಯನ್ನು ಅದ್ದಿ ನೋಡಬೇಕು, ಅದ್ದಿದರೆ ತಾನೇ ಗೊತ್ತಾಗುತ್ತೆ ಎಂದಳು.